ಸೋರುವ ಸೂರಿನ ಚರಿತ್ರೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋ ಗಾದೆ ಎಲ್ಲರ ಬಾಯಲ್ಲೂ ಇದೆ. ಇದು ಯಾರ ಗಾದೆ ಅಂತ ಯಾರೂ ಕೇಳೋದಿಲ್ಲ. ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟುವವನ ಗಾದೆ ಇದು. ಜೋಯಿಸರನ್ನು ಕರೆಸಿ ಆಯ ಕೇಳಿ, ಆಚಾರಿಯನ್ನು ಕರೆಸಿ ತೊಲೆ ಕೆತ್ತಿಸಿ, ಗಾರೆಯವನಿಗೆ ಕೂಲಿ ಎಣಿಸಿ ಸುಸ್ತಾದವನ ಮಾತು. ಹೊಲಗೇರಿಯಲ್ಲೋ ಮಾದಿಗರ ಹಟ್ಟಿಯಲ್ಲೋ ಹುಟ್ಟಿದ ಮಾತಲ್ಲ. ಯಾಕಂದ್ರೆ ಅಲ್ಲಿ ಮನೆಯನ್ನು ವರ್ಷಾ ವರ್ಷಾ ಕಟ್ಟುತ್ತಿದ್ದರು. ಮಳೆಗೆ ಮುಂಚೆ ಸೂರು ಹೊದಿಸಬೇಕು, ಮಳೆ ನಿಂತ ಮೇಲೆ ಕರಗಿದ ಗೋಡೆ ಮೆತ್ತಬೇಕು, ಗೆದ್ದಲು ತಿಂದ ಗಳ ಬದಲಿಸಬೇಕು. ಕರೆಸೋಣ ಅಂದರೆ ಕೈಯಲ್ಲಿ ಕಾಸಿಲ್ಲ, ಕರೆದರೂ ಬರುವವರಿಲ್ಲ. ಗಂಡ ಹೆಂಡತಿ ಮಕ್ಕಳು, ಅಕ್ಕಪಕ್ಕದ ನಾಲ್ಕು ಮನೆಯವರು, ಅಷ್ಟೆ.

ತನ್ನ ಮನೆಯನ್ನು ತಾನೇ ರಿಪೇರಿ ಮಾಡಿಕೊಳ್ಳೋದು ಇವತ್ತು ಪಟ್ಟಣದವರಿಗೆ ಒಂದು ಹವ್ಯಾಸ. ಅಮೆರಿಕದ ಮಧ್ಯಮ ವರ್ಗಕ್ಕೆ 1950ರ ದಶಕದಲ್ಲಿ ಈ ಗೀಳು ಹಿಡಿಯಿತು. 1954ರಲ್ಲಿ 'ಟೈಮ್' ಪತ್ರಿಕೆ ಅದನ್ನು ಮುಖಪುಟದ ಸುದ್ದಿ ಮಾಡಿತು. ರಜಾ ದಿನದ ಬಿಡುವು, ಅಂಗಡಿಯಿಂದ ತಂದ ಹೊಸ ಹತಾರ, ಕೆಲಸ ಮುಗಿದ ಮೇಲೆ ನೆಂಟರಿಗೆ ತೋರಿಸಿ ಪಡುವ ಹೆಮ್ಮೆ. ನಮ್ಮ ಕೇರಿಗಳಲ್ಲಿ ಇದೇ ಕೆಲಸ ಸಾವಿರಾರು ವರ್ಷ ನಡೆದಿದೆ. ಅಲ್ಲಿ ರಜವಿರಲಿಲ್ಲ, ಅಂಗಡಿ ಇರಲಿಲ್ಲ, ನೋಡಲು ಬರುವ ನೆಂಟರ ಮನೆಯೂ ಸೋರುತ್ತಿತ್ತು.

ಈ ಕೆಲಸಕ್ಕೆ ಚರಿತ್ರೆ ಇಲ್ಲ ಅಂತ ಪಂಡಿತರು ಹೇಳಬಹುದು. ಅವರ ಚರಿತ್ರೆ ಕಲ್ಲಿನದು. ಬೇಲೂರಿನ ಗುಡಿ, ಬಿಜಾಪುರದ ಗುಮ್ಮಟ, ಹಂಪಿಯ ಅರಮನೆಯ ಅಡಿಪಾಯ ಉಳಿದಿವೆ, ಆದ್ದರಿಂದ ಅವು ಪುಸ್ತಕಕ್ಕೆ ಬಂದಿವೆ. ಹುಲ್ಲು ಕೊಳೆತು ಗೊಬ್ಬರವಾಗುತ್ತೆ, ಮಣ್ಣು ಮಣ್ಣಿಗೆ ಸೇರುತ್ತೆ, ಹಳೆ ಗಳ ಒಲೆಗೆ ಹೋಗುತ್ತೆ. ವರ್ಷಾ ವರ್ಷಾ ಕಟ್ಟಿದ ಮನೆಗೆ ಪಾಳೂ ಇಲ್ಲ, ಶಾಸನವೂ ಇಲ್ಲ. ಕುರುಹು ಉಳಿಯದಂತೆ ಬದುಕಿಸಿ, ಆಮೇಲೆ ಕುರುಹು ಎಲ್ಲಿ ಅಂತ ಕೇಳೋದು ಈ ವ್ಯವಸ್ಥೆಯ ಹಳೆಯ ಚಾಳಿ.

ಇನ್ನೊಂದು ಮಾತೂ ಇದೆ. ಮೇಷ್ಟ್ರುಗಳು, ಆಫೀಸರುಗಳು, ಜಾತಿಯಿಲ್ಲ ಅಂತ ಹೇಳಿಕೊಳ್ಳೋ ಓದಿದವರು ಕೂಡ ಸುಲಭವಾಗಿ ಆಡಿಬಿಡೋ ಮಾತು: 'ಆ ಜನಕ್ಕೆ ಮನೆ ಇಟ್ಟುಕೊಳ್ಳೋದು ಗೊತ್ತಿಲ್ಲ.' ಈ ಮಾತಿಗೆ ಉತ್ತರ ಕೊಡಬೇಕಾದರೆ ಎರಡು ವಿಷಯ ನೋಡಬೇಕು. ಆ ಜನಕ್ಕೆ ಏನು ಗೊತ್ತಿತ್ತು? ಗೊತ್ತಿದ್ದನ್ನು ಮಾಡದಂತೆ ತಡೆದವರು ಯಾರು?

ಮೊದಲು ಗೊತ್ತಿದ್ದ ವಿಷಯ. ಗುಡಿಸಲು ಅಂದರೆ ಕಡ್ಡಿ ನೆಟ್ಟು ಹುಲ್ಲು ಎಸೆಯೋದಲ್ಲ. ಹಳೇ ಮೈಸೂರು ಕಡೆ ಕಾಡಂಚಿನಲ್ಲಿ ಬೆಳೆಯೋ ಉದ್ದ ಹುಲ್ಲು, ಕಬ್ಬು ಬೆಳೆಯೋ ಕಡೆ ಕಬ್ಬಿನ ಸೋಗೆ, ತೋಟದ ಕಡೆ ತೆಂಗಿನ ಗರಿ, ಮಲೆನಾಡಿನಲ್ಲಿ ಅಡಿಕೆ ಸೋಗೆ. ಯಾವುದೇ ಇರಲಿ, ಅದನ್ನು ಕೊಯ್ಯೋ ಕಾಲ ಬೇರೆ, ಒಣಗಿಸೋ ಕ್ರಮ ಬೇರೆ, ಕಟ್ಟೋ ಕಂತೆಯ ದಪ್ಪ ಬೇರೆ. ಹೊದಿಸೋದು ಕೆಳಗಿನಿಂದ ಮೇಲಕ್ಕೆ. ಮೇಲಿನ ಸಾಲು ಕೆಳಗಿನ ಸಾಲಿನ ಕಟ್ಟನ್ನು ಮುಚ್ಚಬೇಕು, ಇಲ್ಲದಿದ್ದರೆ ನೀರು ಕಟ್ಟಿನ ಜಾಡು ಹಿಡಿದು ಒಳಗೆ ಬರುತ್ತೆ. ಇಳಿಜಾರು ಕಮ್ಮಿಯಾದರೆ ನೀರು ನಿಂತು ಹುಲ್ಲು ಕೊಳೆಯುತ್ತೆ. ಅಳತೆ ಪಟ್ಟಿ ಇಲ್ಲದೆ, ಕಣ್ಣಳತೆ ಕೈಯಳತೆಯಲ್ಲೇ ಈ ಲೆಕ್ಕ ಸರಿಹೋಗಬೇಕಿತ್ತು.

ಚಿತ್ರದುರ್ಗ, ಬಳ್ಳಾರಿ ಕಡೆಯ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣಿನ ಹೊದಿಕೆ. ಕರಲು ಭೂಮಿ ಬೆಳೆಗೆ ಬಾರದ್ದು. ಆದರೆ ಅದರಲ್ಲಿರುವ ಸೋಡಿಯಂ ಲವಣದಿಂದಾಗಿ ಮಳೆ ಬಿದ್ದಾಗ ಮಣ್ಣಿನ ಕಣ ಬಿಡಿಬಿಡಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತೆ; ನೀರು ಕೆಳಗೆ ಇಳಿಯೋದಿಲ್ಲ. ಈ ವಿವರಣೆ ಮಣ್ಣಿನ ವಿಜ್ಞಾನದವರದು. ಆದರೆ ಯಾವ ಮಣ್ಣು ಉಣ್ಣಲು ಕೊಡದೋ ಅದೇ ಮಣ್ಣು ತಲೆ ಕಾಯುತ್ತೆ ಅನ್ನೋದನ್ನು ಕಂಡುಕೊಂಡವರು ಅಕ್ಷರ ಬಾರದ ಜನ. ಎಲ್ಲಿ ಸೋರುತ್ತೋ ಅಲ್ಲಿಗೆ ಒಂದು ಮಂಕರಿ ಕರಲು ಮಣ್ಣು ಹಾಕಿ ತುಳಿಯೋದು, ಇದೇ ಆ ಮಾಳಿಗೆಯ ರಿಪೇರಿ.

ಗೋಡೆಯ ಕೆಲಸ ಹೆಚ್ಚಾಗಿ ಹೆಂಗಸರದು. ಸೂರಿನಿಂದ ಬಿದ್ದ ನೀರು ನೆಲಕ್ಕೆ ತಾಕಿ ಚಿಮ್ಮಿ ಗೋಡೆಯ ಬುಡ ತಿನ್ನುತ್ತೆ. ಮಣ್ಣಿನ ಗೋಡೆ ಯಾವತ್ತೂ ಬುಡದಲ್ಲೇ ಸಾಯೋದು. ಅದಕ್ಕೇ ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ, ನೀರು ಹಾಕಿ ನಾಲ್ಕಾರು ದಿನ ಕೊಳೆಸಿ, ತುಳಿದು ಹದ ಮಾಡಿ ಬುಡಕ್ಕೆ ಮೆತ್ತುತ್ತಿದ್ದರು. ಹೊಟ್ಟು ಇದ್ದರೆ ಒಣಗುವಾಗ ಬಿರುಕು ಕಮ್ಮಿ. ಹೊಸ ಮಣ್ಣು ಹಳೆ ಗೋಡೆಗೆ ಕಚ್ಚಿಕೊಳ್ಳಬೇಕಾದರೆ ಹಳೆ ಗೋಡೆಯನ್ನು ಮೊದಲು ಕೆರೆದು ನೀರು ಚಿಮುಕಿಸಬೇಕು. ಕೊನೆಗೆ ಕೆಮ್ಮಣ್ಣು, ಸುಣ್ಣ, ಕಾರಣೆ. ಈ ಕೆಲಸವನ್ನು ಯಾವ ಜನಗಣತಿಯೂ ಕೆಲಸ ಅಂತ ಬರೆದುಕೊಂಡಿಲ್ಲ. ಗೌಡರ ಗದ್ದೆಯಲ್ಲಿ ದಿನವಿಡೀ ಬಗ್ಗಿ ಬಂದ ಹೆಂಗಸು ಸಂಜೆ ಮತ್ತೆ ಬಗ್ಗಿ ಗೋಡೆ ಮೆತ್ತಿದರೆ ಅದಕ್ಕೆ 'ಮನೆಗೆಲಸ' ಅಂತ ಹೆಸರು. ಅದೇ ಕೆಲಸ ಗಂಡಸು ಕರಣೆ ಹಿಡಿದು ಮಾಡಿದರೆ 'ಗಾರೆ ಕೆಲಸ', ಅದಕ್ಕೆ ಕೂಲಿ. ದಲಿತರ ಒಳಗೇ ಇರುವ ಈ ಅನ್ಯಾಯವನ್ನೂ ಬರೆಯದೆ ಈ ಚರಿತ್ರೆ ಪೂರ್ತಿಯಾಗೋದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಜನರ ಮನೆ ಯಾಕೆ ಸೋರುತ್ತಿತ್ತು? ಆ ಕೈಗಳಿಗೆ ನಾಲ್ಕು ಬೀಗ ಹಾಕಿದ್ದರು.

ಮೊದಲನೆಯದು ಜಾಗದ ಬೀಗ. ಚಂಡಾಲರು ಊರ ಹೊರಗೇ ಇರಬೇಕು ಅಂತ ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸಿತು. ಅವರನ್ನು ಸ್ಮಶಾನದ ಅಂಚಿಗೆ ಇಡಬೇಕು ಅಂತ ಕೌಟಿಲ್ಯನ ಅರ್ಥಶಾಸ್ತ್ರ ಹೇಳಿತು. ದಿಕ್ಕುಗಳಲ್ಲೆಲ್ಲ ಅಶುಭವಾದ ತೆಂಕಣ ದಿಕ್ಕಿನಲ್ಲೇ ಅಸ್ಪೃಶ್ಯರು ವಾಸಿಸಬೇಕಿತ್ತು ಅಂತ ಬಾಬಾಸಾಹೇಬರು ಹಳ್ಳಿಯ ಕಟ್ಟಳೆಗಳನ್ನು ಪಟ್ಟಿ ಮಾಡುವಾಗ ಬರೆದಿದ್ದಾರೆ. ಹೊರಗೆ ಇರೋದು ಒಂದು ಅವಮಾನವಾದರೆ, ಇರುವ ಜಾಗವೂ ತನ್ನದಲ್ಲದಿರೋದು ಇನ್ನೊಂದು. ಗುಡಿಸಲಿನ ನೆಲ ಒಡೆಯನದು, ಇಲ್ಲವೇ ಯಾರ ದಾಖಲೆಯಲ್ಲೂ ಇಲ್ಲದ್ದು. ನಾಳೆ ಎಬ್ಬಿಸುತ್ತಾರೆ ಅನ್ನೋ ಭಯ ಇರುವವನು ಕಲ್ಲಿನ ಅಡಿಪಾಯ ಹಾಕುತ್ತಾನಾ? ಇಂದೂರು ಸೀಮೆಯ ಬಲಾಯಿಗಳ ಕತೆಯನ್ನು ಅಂಬೇಡ್ಕರ್ ಅವರು 1936ರಲ್ಲಿ ಅಚ್ಚಾದ 'ಜಾತಿ ವಿನಾಶ'ದಲ್ಲಿ ಹೇಳುತ್ತಾರೆ. ಮೇಲ್ಜಾತಿಯವರು ಹಾಕಿದ ಷರತ್ತುಗಳನ್ನು ಅವರು ಒಪ್ಪಲಿಲ್ಲ. ಬಾವಿ ನೀರು ನಿಂತಿತು, ದನ ಮೇಯೋ ಜಾಗ ನಿಂತಿತು, ಓಡಾಡೋ ದಾರಿ ನಿಂತಿತು. ನೂರಾರು ಜನ ತಲೆತಲಾಂತರದಿಂದ ಬಾಳಿದ ಮನೆಗಳನ್ನು ಬಿಟ್ಟು ಹೋಗಬೇಕಾಯಿತು. ಪತ್ರಿಕೆಯಲ್ಲಿ ಅದು ವರದಿಯಾದದ್ದು 1928ರ ಜನವರಿಯಲ್ಲಿ. ಹೊತ್ತುಕೊಂಡು ಹೋಗಲಾರದ ಮನೆ ಕಟ್ಟೋದು ಅಂಥ ಜನಕ್ಕೆ ಎಷ್ಟು ದುಬಾರಿ ಅಂತ ಯೋಚಿಸಿ.

ಎರಡನೆಯದು ಸಾಮಾನಿನ ಬೀಗ. ಅದೇ ಕಟ್ಟಳೆಗಳ ಪಟ್ಟಿಯಲ್ಲಿ ಬಾಬಾಸಾಹೇಬರು ಒಂದು ಸಾಲು ಬರೆದಿದ್ದಾರೆ: ಅಸ್ಪೃಶ್ಯನು ಹೆಂಚಿನ ಮನೆ ಕಟ್ಟುವುದು ಅಪರಾಧವಾಗಿತ್ತು. ಇದನ್ನು ನಿಂತು ಓದಬೇಕು. ಹೆಂಚು ಕೊಳ್ಳಲು ದುಡ್ಡಿಲ್ಲ ಅನ್ನೋದು ಬೇರೆ, ದುಡ್ಡಿದ್ದರೂ ಹೊದಿಸಕೂಡದು ಅನ್ನೋದು ಬೇರೆ. ಮೊದಲನೆಯದು ಬಡತನ, ಎರಡನೆಯದು ಜಾತಿ. ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳೋ ಆ ಹೆಂಚು ನಾಡಹೆಂಚಿಗಿಂತ ಹಗುರ, ಸೋರಿಕೆ ಕಮ್ಮಿ, ಒಡೆದದ್ದನ್ನು ಮಾತ್ರ ತೆಗೆದು ಬದಲಿಸಬಹುದು. ಅದು ಹಡಗು ಹತ್ತಿ ದೇಶಾಂತರ ಹೋಯಿತು. ಊರ ಮಧ್ಯದಿಂದ ಕೇರಿಗೆ ಬರುವ ಅರ್ಧ ಮೈಲಿ ದಾರಿ ಅದಕ್ಕೆ ಸಮುದ್ರಕ್ಕಿಂತ ದೂರವಾಯಿತು.

ಸಾಮಾನು ಮಾತ್ರ ಅಲ್ಲ, ಹೆಸರಿಗೂ ಬೀಗ. ಮಲಬಾರಿನ ಬಗ್ಗೆ ವಿಲಿಯಂ ಲೋಗನ್ ಬರೆದು 1887ರಲ್ಲಿ ಅಚ್ಚಾದ ಕೈಪಿಡಿಯಲ್ಲಿ ಜಾತಿಗೊಂದರಂತೆ ಮನೆಯ ಹೆಸರುಗಳಿವೆ. ಪರಯನದು ಚೇರಿ, ಜೀತದ ಚೆರುಮನದು ಚಾಳ, ಕಮ್ಮಾರ ಬಡಗಿಗಳದು ಪುರ ಇಲ್ಲವೇ ಕುಡಿ, ನಾಯರದು ವೀಡು, ರಾಜನದು ಕೋವಿಲಗಂ, ನಂಬೂದಿರಿಯದು ಇಲ್ಲಂ ಅಥವಾ ಮನ. ನಾವು ಕನ್ನಡದಲ್ಲಿ ಎಲ್ಲರ ವಾಸಕ್ಕೂ ಹೇಳೋ 'ಮನೆ' ಅನ್ನೋ ಮಾತಿನ ತಂಗಿ ಅಲ್ಲಿ ಬ್ರಾಹ್ಮಣನೊಬ್ಬನಿಗೆ ಮೀಸಲು. ಕನ್ನಡ ಉದಾರ ಅಂತ ಬೀಗೋದು ಬೇಡ. 'ಊರು' ಅಂದಾಗ ಅದರೊಳಗೆ ಕೇರಿ ಸೇರುತ್ತದಾ, ಯೋಚಿಸಿ.

ಮೂರನೆಯದು ಕಸುಬುದಾರರ ಬೀಗ. ಹಳ್ಳಿಯ ಆಯದ ಪದ್ಧತಿಯಲ್ಲಿ ಬಡಗಿಗೂ ಕಮ್ಮಾರನಿಗೂ ವರ್ಷಕ್ಕಿಷ್ಟು ಕಾಳು ಅಳೆಯುತ್ತಿದ್ದವರು ಜಮೀನುದಾರರು. ಕಾಳು ಕೊಟ್ಟವನ ನೇಗಿಲು, ಅವನ ಬಾಗಿಲು, ಅವನ ತೊಲೆ. ಜಮೀನಿಲ್ಲದ ಕೇರಿಯವರ ಹತ್ತಿರ ಹಾಗೆ ಅಳೆಯಲು ಕಾಳಿರಲಿಲ್ಲ. ಇದರ ಮೇಲೆ ಮಡಿ ಮೈಲಿಗೆ. ಆದರೆ ಕೇರಿಯವರ ಕೈ ಮಾತ್ರ ಊರಿಗೆ ಬೇಕು. ಮಾದಿಗರು ಕೊಟ್ಟ ಮಿಣಿ, ಬಾರು, ಚರ್ಮದ ಹಗ್ಗ ಇಲ್ಲದೆ ಗೌಡರ ಕಪಿಲೆ ತಿರುಗುತ್ತಿರಲಿಲ್ಲ. ಹಟ್ಟಿಯವರು ತುಳಿದ ಕೆಸರಿನಲ್ಲೇ ಊರೊಳಗಿನ ಗೋಡೆ ಏಳುತ್ತಿತ್ತು. ಗೋಡೆ ಎದ್ದು, ಸುಣ್ಣ ಬಳಿದು, ಗೃಹಪ್ರವೇಶ ಆದ ಮೇಲೆ ಆ ಗೋಡೆ ಮುಟ್ಟಿದರೆ ಮೈಲಿಗೆ. ಹಸಿ ಗೋಡೆಗಿಲ್ಲದ ಮೈಲಿಗೆ ಒಣಗಿದ ಗೋಡೆಗೆ ಎಲ್ಲಿಂದ ಬಂತು? ಯಾವ ಶಾಸ್ತ್ರಿಗಳೂ ಇದನ್ನು ವಿವರಿಸಿಲ್ಲ.

ನಾಲ್ಕನೆಯದು ಕಾಲದ ಬೀಗ. ಇದು ಕಣ್ಣಿಗೆ ಕಾಣದ್ದು, ಆದರೆ ಎಲ್ಲಕ್ಕಿಂತ ಬಿಗಿ. ಸೂರು ಹೊದಿಸೋ ಕಾಲ ಯುಗಾದಿ ಕಳೆದು ರೋಹಿಣಿ ಮಳೆ ಬರೋ ಒಳಗೆ. ಅದೇ ಕಾಲಕ್ಕೆ ಒಡೆಯನ ಹೊಲಕ್ಕೆ ಗೊಬ್ಬರ ಹೊಡೆಯಬೇಕು, ಮುಂಗಾರಿನ ಉಳುಮೆ ಆಗಬೇಕು, ಒಡೆಯನ ಕೊಟ್ಟಿಗೆಯ ಸೂರನ್ನೂ ಹೊದಿಸಬೇಕು. ಜೀತದವನ ಹೊತ್ತು ಅವನದಲ್ಲ. ಒಡೆಯನ ದನಗಳ ತಲೆಯ ಮೇಲೆ ಹೊಸ ಹುಲ್ಲು ಬಿದ್ದ ಮೇಲೆಯೇ ಅವನ ಮಕ್ಕಳ ಸರದಿ. ಅಷ್ಟರಲ್ಲಿ ಮಳೆ ಬಂದಿರುತ್ತಿತ್ತು. 'ಸೋಮಾರಿಗಳು, ಮಳೆ ಬರೋವರೆಗೂ ಸುಮ್ಮನಿರ್ತಾರೆ' ಅಂತ ಜಗುಲಿಯ ಮೇಲಿಂದ ಮಾತು. ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯಿದೆಯಾದದ್ದು 1976ರಲ್ಲಿ. ಆ ಕಾಯಿದೆಯನ್ನು ಸಾಲದ ಕಾಯಿದೆ, ದುಡಿಮೆಯ ಕಾಯಿದೆ ಅಂತ ಓದುತ್ತೇವೆ. ಮಳೆಗೆ ಮುಂಚೆ ತನ್ನ ಸೂರಿನ ಮೇಲೆ ಹತ್ತುವ ಹಕ್ಕಿನ ಕಾಯಿದೆ ಅಂತಲೂ ಅದನ್ನು ಓದಬೇಕು.

ಹೆಂಚಿನ ನಿಷೇಧಕ್ಕೆ ಇನ್ನೊಂದು ಮುಖವಿದೆ. ಹೆಂಚು ಉರಿಯೋದಿಲ್ಲ, ಹುಲ್ಲು ಉರಿಯುತ್ತೆ. ಕೇರಿಯ ಮೇಲೆ ಹುಲ್ಲೇ ಇರಬೇಕು ಅಂದವರ ಕೈಯಲ್ಲಿ ಬೆಂಕಿಕಡ್ಡಿಯೂ ಇತ್ತು. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ ದಲಿತರು ಜೀವ ಉಳಿಸಿಕೊಳ್ಳಲು ಒಂದು ಗುಡಿಸಲಿನಲ್ಲಿ ಅಡಗಿದರು. ಅದಕ್ಕೆ ಬೆಂಕಿ ಇಟ್ಟರು. 44 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ನಾಡಿನಲ್ಲೇ 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣಾ ನ್ಯಾಯಾಲಯದಿಂದ ಆರೋಪಿಗಳು ಬಿಡುಗಡೆಯಾದರು. 'ಉರಿಯೋ ಮನೆಯಲ್ಲಿ ಗಳ ಹಿರಿಯೋದು' ಅಂತ ಇನ್ನೊಂದು ಗಾದೆ ಇದೆ. ಸುಟ್ಟ ಕೇರಿಗಳಲ್ಲಿ ಮಾರನೆಯ ದಿನವೇ ಬೂದಿ ಕೆದಕಿ, ಅರ್ಧ ಉಳಿದ ಗಳ ಹಿರಿದು, ಮತ್ತೆ ನೆಟ್ಟವರ ಮಟ್ಟಿಗೆ ಅದು ಗಾದೆಯಲ್ಲ, ದಿನಚರಿ. 1989ರ ದೌರ್ಜನ್ಯ ತಡೆ ಕಾಯಿದೆ ಪರಿಶಿಷ್ಟರ ವಾಸದ ಮನೆಯನ್ನು ನಾಶಮಾಡಲು ಬೆಂಕಿ ಇಡುವುದಕ್ಕೆ ಜೀವಾವಧಿ ಶಿಕ್ಷೆ ವಿಧಿಸಿತು. ಮನೆ ಊರು ಬಿಡಿಸುವುದನ್ನೂ ಅಪರಾಧ ಮಾಡಿತು. ಪ್ರತಿ ಕೇರಿಯಲ್ಲೂ ಒಬ್ಬರಾದರೂ ಈ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಬೀಗಗಳು ಒಡೆಯಲು ಶುರುವಾದದ್ದು ಹೋರಾಟದಿಂದ, ಮತದಿಂದ, ಕಾನೂನಿನಿಂದ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಕಾಲಕ್ಕೆ ಕರ್ನಾಟಕದ ಕೇರಿಗಳ ಪಕ್ಕ ಜನತಾ ಮನೆಗಳ ಸಾಲು ಎದ್ದಿತು. ಅದೇ ದಶಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯ 38ನೆಯ ಕಲಮು, ಬೇರೆಯವರ ನೆಲದಲ್ಲಿ ಗುಡಿಸಲು ಹಾಕಿಕೊಂಡ ಕೃಷಿ ಕೂಲಿಗಾರನಿಗೆ ಆ ಗುಡಿಸಲಿನ ನೆಲದ ಮೇಲೆ ಹಕ್ಕು ಕೊಟ್ಟಿತು. ಬಹಳ ಕಾಲದ ಮೇಲೆ 38-ಎ ಕಲಮು ಸೇರಿ, ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸಿಸುವವನೇ ಮನೆಯೊಡೆಯ ಅನ್ನೋ ತತ್ವ 2017ರಲ್ಲಿ ಜಾರಿಗೆ ಬಂತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅಂದರೆ, ಅಲ್ಲಿಯವರೆಗೆ ಅಷ್ಟು ಮನೆಯವರು ತಮ್ಮದು ಅಂತ ಹೇಳಿಕೊಳ್ಳಲಾಗದ ಗೋಡೆಗಳನ್ನು ವರ್ಷಾ ವರ್ಷಾ ಮೆತ್ತುತ್ತಿದ್ದರು. ಮನೆ ರಿಪೇರಿಯ ಮೊದಲ ಸಾಮಾನು ಕರಣೆಯಲ್ಲ, ಹಕ್ಕುಪತ್ರ.

ಸರ್ಕಾರ ಕೊಟ್ಟ ಮನೆಯ ಕತೆ ಇಷ್ಟಕ್ಕೇ ಮುಗಿಯೋದಿಲ್ಲ. ಇಂದಿರಾ ಆವಾಸ್ ಯೋಜನೆ ಶುರುವಾದದ್ದು 1985-86ರಲ್ಲಿ. ಫಲಾನುಭವಿಯೇ ನಿಂತು ಮನೆ ಕಟ್ಟಿಕೊಳ್ಳಬೇಕು, ಕಂಟ್ರಾಕ್ಟರ್ ಬರಕೂಡದು ಅಂತ ಅದರ ಮಾರ್ಗಸೂಚಿಯಲ್ಲೇ ಇತ್ತು. ಕಾಗದದ ಮೇಲೆ ಇದು ದೊಡ್ಡ ಮಾತು. ಸಾವಿರಾರು ವರ್ಷ ಕಟ್ಟಿಕೊಂಡು ಬಂದ ಕೈಗಳನ್ನು ಸರ್ಕಾರ ಮೊದಲ ಸಲ ನಂಬಿತ್ತು. ಹಳ್ಳಿಯಲ್ಲಿ ಎಷ್ಟೋ ಕಡೆ ಆದದ್ದೇ ಬೇರೆ. ಹೆಬ್ಬೆಟ್ಟು ಒತ್ತಿಸಿಕೊಂಡವನು ಒಬ್ಬ, ಬಿಲ್ಲು ಎತ್ತಿದವನು ಇನ್ನೊಬ್ಬ, ಗೋಡೆ ಎಬ್ಬಿಸಿದವನು ಮೂರನೆಯವನು. 2016ರಲ್ಲಿ ಅದರ ಜಾಗಕ್ಕೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ನೆರವು, ಕನಿಷ್ಠ 25 ಚದರ ಮೀಟರ್ ಅಳತೆ ಅಂತ ಗೊತ್ತುಮಾಡಿದರು. ಅದರ ಜೊತೆಗೆ ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ. ಈ 90 ದಿನದ ಕೂಲಿ ಚರಿತ್ರೆಯಲ್ಲಿ ಸಣ್ಣ ವಿಷಯವಲ್ಲ. ತನ್ನ ಮನೆಗೆ ತಾನೇ ಮಣ್ಣು ಹೊತ್ತದ್ದೂ ದುಡಿಮೆ, ಅದಕ್ಕೂ ಬೆಲೆ ಇದೆ ಅಂತ ಸರ್ಕಾರದ ಪುಸ್ತಕ ಒಪ್ಪಿಕೊಂಡಿತು. ಗೋಡೆ ಮೆತ್ತಿದ ತಾಯಂದಿರಿಗೆ ಇದು ಬಹಳ ತಡವಾಗಿ ಬಂದ ಉತ್ತರ.

ಈಗ ಕೇರಿಗಳಲ್ಲಿ ತಾರಸಿ ಮನೆಗಳಿವೆ. ಅವೂ ಸೋರುತ್ತವೆ. ಯಾಕೆ? ಕಾಂಕ್ರೀಟು ಒಣಗಿ ಗಟ್ಟಿಯಾಗೋದಲ್ಲ, ನೆನೆದು ಗಟ್ಟಿಯಾಗೋದು. ಹಾಕಿದ ಮೇಲೆ ಕಮ್ಮಿ ಅಂದರೂ ಏಳು ದಿನ, ಆದರೆ ಇನ್ನೂ ಹೆಚ್ಚು ದಿನ, ತಾರಸಿಯ ಮೇಲೆ ನೀರು ನಿಲ್ಲಿಸಬೇಕು. ಕುಡಿಯೋ ನೀರಿಗೇ ಕೊಡ ಹಿಡಿದು ಕಾಯೋ ಕೇರಿಯಲ್ಲಿ ತಾರಸಿಗೆ ನೀರು ಎಲ್ಲಿಂದ ತರಬೇಕು? 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರು ಇಳಿದದ್ದು ಕುಡಿಯೋ ನೀರಿನ ಹಕ್ಕಿಗಾಗಿ. ಸಿಮೆಂಟಿನ ಕಾಲದಲ್ಲಿ ನೀರಿನ ಹಕ್ಕು ಸೂರಿನ ಹಕ್ಕೂ ಆಗಿದೆ. ನೀರು ಸಾಲದ ತಾರಸಿ ಬಿರಿಯುತ್ತೆ. ಬಿರುಕಿನಲ್ಲಿ ಇಳಿದ ನೀರು ಕಂಬಿಗೆ ತಾಕಿ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಆದ್ದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒದ್ದು ಉದುರಿಸುತ್ತೆ. ಹುಲ್ಲಿನ ಸೂರು ಸೋರಿದರೆ ಅಪ್ಪನಿಗೆ ಮದ್ದು ಗೊತ್ತಿತ್ತು. ತಾರಸಿ ಸೋರಿದರೆ ಮಗನಿಗೆ ಗೊತ್ತಿಲ್ಲ. ಅವನು ಬೆಂಗಳೂರಿನಲ್ಲಿ ಬೇರೆಯವರ ತಾರಸಿಗೆ ಕಂಬಿ ಕಟ್ಟುತ್ತಿದ್ದರೂ ಸರಿಯೆ. ಯಾಕಂದ್ರೆ ಅಲ್ಲಿ ಅವನಿಗೆ ಕೆಲಸ ಹೇಳುತ್ತಾರೆ, ಲೆಕ್ಕ ಹೇಳೋದಿಲ್ಲ.

ಇಲ್ಲಿ ಮಣ್ಣಿನ ಮನೆಯ ಭಕ್ತರು ಬಂದು ಹೇಳ್ತಾರೆ: ನೋಡಿ, ಅದಕ್ಕೇ ಹಳೆಯದೇ ಚೆನ್ನ, ಮಣ್ಣಿಗೆ ಮರಳಿ. ಅವರ ಜೊತೆ ಜಗಳ ಬೇಡ, ಆದರೆ ಲೆಕ್ಕ ಬೇಕು. 1936ರಲ್ಲಿ ಗಾಂಧೀಜಿ ವಾರ್ಧಾ ಬಳಿಯ ಸೇಗಾಂವಿಗೆ ಹೋಗಿ ಮಣ್ಣಿನ ಗುಡಿಸಲಿನಲ್ಲಿ ನೆಲೆಸಿದರು. ಅದು ಅವರು ಆರಿಸಿಕೊಂಡ ಗುಡಿಸಲು. ಕೇರಿಯದು ಹೇರಿದ ಗುಡಿಸಲು. ಆರಿಸಿಕೊಂಡವನಿಗೆ ಮಣ್ಣು ತಂಪು. ಹೇರಿಸಿಕೊಂಡವನಿಗೆ ಅದು ಪ್ರತಿವರ್ಷದ ಬಿಟ್ಟಿ ಚಾಕರಿ. ಕೇರಿಯ ಹುಡುಗ ಸಿಮೆಂಟಿನ ಮನೆ ಬೇಕು ಅಂದರೆ ಅದು ಷೋಕಿಯಲ್ಲ. ತನ್ನ ತಾತನಿಗೆ ಅಪರಾಧವಾಗಿದ್ದನ್ನು ಅವನು ಕಟ್ಟುತ್ತಿದ್ದಾನೆ.

ಹಾಗಂತ ಮಣ್ಣಿನ ವಿದ್ಯೆಯನ್ನು ಬಿಸಾಡಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಅನ್ನೋ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುವಾಯಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಪ್ರಯೋಗ ನಡೆಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿದರೆ, ಸುಡದೆಯೇ ಅದು ಮಳೆಗೆ ನಿಲ್ಲುತ್ತೆ ಅಂತ ಅವರು ತೋರಿಸಿದರು. ಇಂಗ್ಲೆಂಡಿನಿಂದ ಬಂದು ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ತಾವೇ ಚಿತ್ರ ಬರೆದು, ಸಾಮಾನ್ಯ ಜನರಿಗೆ ಅರ್ಥವಾಗೋ ಹಾಗೆ ಮಣ್ಣಿನ ಕೆಲಸದ ಕಿರುಪುಸ್ತಕ ಮಾಡಿದರು. ಒಳ್ಳೆಯ ಕೆಲಸಗಳೇ. ಆದರೆ ಇವತ್ತು ಆ ಇಟ್ಟಿಗೆಯ ಮನೆ ಹೆಚ್ಚಾಗಿ ಕಾಣೋದು ಬೆಂಗಳೂರಿನ ಉಳ್ಳವರ ಬಡಾವಣೆಯಲ್ಲಿ. ಕೇರಿಯ ವಿದ್ಯೆ ಪ್ರಯೋಗಶಾಲೆಗೆ ಹೋಗಿ, ಇಂಗ್ಲಿಷ್ ಕಲಿತು, ಊರೊಳಗೆ ಮನೆ ಮಾಡಿತು. ಕೇರಿಗೆ ವಾಪಸು ಬರಲಿಲ್ಲ.

ಕೈಕಸುಬು ಇದ್ದರೆ ಸಾಕೇ, ಹಕ್ಕು ಮೊದಲೇ ಅನ್ನೋ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಅಮೆರಿಕದ ಕಪ್ಪು ಜನರೂ ಇದನ್ನು ಎದುರಿಸಿದರು. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಶಾಲೆ ಶುರುಮಾಡಿದ. ಕಟ್ಟಡಕ್ಕೆ ದುಡ್ಡಿಲ್ಲ. ವಿದ್ಯಾರ್ಥಿಗಳೇ ಮಣ್ಣು ಅಗೆದರು, ಇಟ್ಟಿಗೆ ಕೊಯ್ದರು. ಮೂರು ಸಲ ಗೂಡು ಕೆಟ್ಟಿತು. ಅವನು ತನ್ನ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ನಾಲ್ಕನೆಯ ಗೂಡು ಹಾಕಿಸಿದ. ಅದು ಸುಟ್ಟು ಬಂತು. 1901ರ ಹೊತ್ತಿಗೆ ಅಲ್ಲಿದ್ದ 40 ಕಟ್ಟಡಗಳಲ್ಲಿ ನಾಲ್ಕು ಬಿಟ್ಟು ಉಳಿದೆಲ್ಲವೂ ಬಹುಪಾಲು ವಿದ್ಯಾರ್ಥಿಗಳ ಕೈಯಿಂದಲೇ ಆಗಿದ್ದವು. ಬಿಳಿಯರೂ ಬಂದು ಇಟ್ಟಿಗೆ ಕೊಂಡರು. ಕಸುಬಿನಲ್ಲಿ ಗಟ್ಟಿಯಾಗಿ, ಹಕ್ಕು ತಾನಾಗಿ ಬರುತ್ತೆ, ಅಲ್ಲಿಯವರೆಗೆ ರಾಜಕೀಯದ ಗದ್ದಲ ಬೇಡ ಅನ್ನೋದು ಅವನ ವಾದವಾಯಿತು. ಡಬ್ಲ್ಯು.ಇ.ಬಿ. ಡು ಬೋಯಿಸ್ 1903ರಲ್ಲಿ ಇದನ್ನು ನೇರವಾಗಿ ವಿರೋಧಿಸಿದರು. ಮತದ ಹಕ್ಕು, ನಾಗರಿಕ ಸಮಾನತೆ, ಉನ್ನತ ಶಿಕ್ಷಣ ಬಿಟ್ಟುಕೊಟ್ಟು ಗಳಿಸಿದ ಕಸುಬು ಉಳಿಯೋದಿಲ್ಲ ಅನ್ನೋದು ಅವರ ಮಾತು. ನಮ್ಮ ಕೇರಿಗಳ ಚರಿತ್ರೆ ಡು ಬೋಯಿಸ್ ಕಡೆಗೇ ಸಾಕ್ಷಿ ಹೇಳುತ್ತೆ. ಕೇರಿಗೆ ಕಸುಬು ಯಾವತ್ತೂ ಇತ್ತು. ಕಸುಬಿನಿಂದಲೇ ಸೂರು ಗಟ್ಟಿಯಾಗೋ ಹಾಗಿದ್ದರೆ ಈ ದೇಶದಲ್ಲಿ ಮೊದಲು ಗಟ್ಟಿಯಾಗಬೇಕಾದದ್ದು ನಮ್ಮ ಸೂರು. ಆದರೆ ಆ ಇಟ್ಟಿಗೆ ಗೂಡಿನ ಪಾಠವನ್ನೂ ಬಿಡಬಾರದು. ಹಕ್ಕು ಸಿಕ್ಕ ಮೇಲೆ ಕೈ ಮರೆತುಹೋಗಿದ್ದರೆ ಹಕ್ಕುಪತ್ರದ ಮೇಲೆಯೇ ನೀರು ಸೋರುತ್ತೆ.

ಆದ್ದರಿಂದ ಹಳ್ಳಿಯಲ್ಲಿರುವ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ, ಸಂಘಟನೆಯ ಕಾರ್ಯಕರ್ತರಿಗೆ ಒಂದು ಕೆಲಸ. ಈ ಬೇಸಿಗೆಯಲ್ಲಿ ನಿಮ್ಮ ಕೇರಿಯ ಹಿರಿಯರ ಹತ್ತಿರ, ಮುಖ್ಯವಾಗಿ ಅಜ್ಜಿಯರ ಹತ್ತಿರ ಕೂತು ಕೇಳಿ. ಈ ಮನೆಗೆ ಮೊದಲ ಹೆಂಚು ಬಿದ್ದದ್ದು ಯಾವ ವರ್ಷ? ಆಗ ಊರಿನವರು ಏನಂದರು? ಅದಕ್ಕೆ ಮುಂಚೆ ಹುಲ್ಲು ಎಲ್ಲಿಂದ ತರುತ್ತಿದ್ದಿರಿ, ಅದಕ್ಕೆ ಬದಲಾಗಿ ಯಾರಿಗೆ ಎಷ್ಟು ದಿನ ದುಡಿಯುತ್ತಿದ್ದಿರಿ? ನೆಲ ಯಾರ ಹೆಸರಿನಲ್ಲಿತ್ತು, ಈಗ ಯಾರ ಹೆಸರಿನಲ್ಲಿದೆ? ಬರೆದುಕೊಳ್ಳಿ. ಹುಲ್ಲು ಕೊಳೆತುಹೋಗಿದೆ, ಹೊದಿಸಿದವರ ನೆನಪು ಇನ್ನೂ ಇದೆ; ಕಲ್ಲಿನ ಚರಿತ್ರೆಕಾರರಿಗೆ ಸಿಗದ ಶಾಸನ ಅದು. ಜೊತೆಗೆ ಪಂಚಾಯ್ತಿಗೆ ಹೋಗಿ ಆ ಮನೆಗಳ ಖಾತೆ ನೋಡಿ. ಹಕ್ಕುಪತ್ರ ಇಲ್ಲದವರ ಪಟ್ಟಿ ಮಾಡಿ ತಹಶೀಲ್ದಾರರ ಮೇಜಿನ ಮೇಲೆ ಇಡಿ.

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿರೋ ಗಾರೆ ಕೆಲಸದ ಹುಡುಗರನ್ನು, ಕಂಬಿ ಕಟ್ಟೋ ಹುಡುಗರನ್ನು ಕೂಡಿಸಿ. ತಾರಸಿಗೆ ಇಳಿಜಾರು ಇದೆಯಾ, ನೀರು ಹೊರಗೆ ಹೋಗೋ ದಾರಿ ಕಟ್ಟಿಕೊಂಡಿದೆಯಾ, ಬಿರುಕು ಎಲ್ಲಿದೆ ಅಂತ ಸಾಲಾಗಿ ಎಲ್ಲ ಮನೆ ನೋಡಿ. ಬಿರುಕನ್ನು ಉಳಿಯಿಂದ ಅಗಲ ಮಾಡಿ, ಧೂಳು ತೊಳೆದು, ಸಿಮೆಂಟು ಮರಳಿನ ಗಾರೆ ತುಂಬಿ, ಒದ್ದೆ ಗೋಣಿ ಹೊದಿಸಿ ವಾರ ಕಾಪಾಡಿ. ಸಣ್ಣ ಬಿರುಕಿಗೆ ಇಷ್ಟು ಸಾಕು. ಕಂಬಿ ಹೊರಗೆ ಕಾಣುತ್ತಿದ್ದರೆ, ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಕೈ ಹಾಕಬೇಡಿ, ಇಂಜಿನಿಯರನ್ನು ಕರೆಸಿ ಬರೆಸಿಕೊಳ್ಳಿ. ಅಂಥ ಮನೆ ಕಟ್ಟಿದವರ ಹತ್ತಿರ ಲೆಕ್ಕ ಕೇಳಿ. ಹೆಂಗಸರಿಗೂ ಕರಣೆ ಕೊಡಿ, ಕೂಲಿಯ ಲೆಕ್ಕದಲ್ಲಿ ಅವರ ಹೆಸರನ್ನೂ ಬರೆಯಿರಿ.

ರೋಹಿಣಿ ಮಳೆಗೆ ಇನ್ನು ಬಹಳ ದಿನವಿಲ್ಲ. ಈಗ ಒಡೆಯನ ಕೊಟ್ಟಿಗೆಯ ಸರದಿ ಮೊದಲಲ್ಲ, ನಮ್ಮ ಸೂರಿನ ಸರದಿ ಮೊದಲು.